ಕಾರ್ಮಿಕರ ಹಾಸ್ಟೆಲ್‌ಗಳಲ್ಲಿ ತೆರವು ಮತ್ತು ಕಾನೂನು ನೆರವು: ನಾಲ್ಕು ತಾರೀಖುಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಉದ್ಯೋಗದಾತರು, ಗುತ್ತಿಗೆದಾರರು ಅಥವಾ ಸಾರ್ವಜನಿಕ ಸಂಸ್ಥೆಗಳು ನಡೆಸುವ ಹಾಸ್ಟೆಲ್‌ಗಳಿಂದ ಕಾರ್ಮಿಕರನ್ನು ತೆರವುಗೊಳಿಸುವಾಗ ಭಾರತದಲ್ಲಿ ಯಾವ ಕಾನೂನು ಅನ್ವಯಿಸುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ‘ವಾಸಿಯು ಬಾಡಿಗೆದಾರನೇ?’ ಎಂಬ ಪ್ರಶ್ನೆಯಿಂದ ಚರ್ಚೆ ಆರಂಭವಾಗುವುದು ವಾಡಿಕೆ. ಅದಕ್ಕೂ ಮೊದಲು ನಾಲ್ಕು ತಾರೀಖುಗಳು ಖಚಿತವಾಗಬೇಕು ಎಂಬುದು ಇಲ್ಲಿನ ಸೀಮಿತ ವಾದ: ವಾಸ ಆರಂಭವಾದ ದಿನ, ಕೆಲಸ ನಿಂತ ದಿನ, ನೋಟಿಸ್ ಕೈಗೆ ಬಂದ ದಿನ, ಕೋಣೆಗೆ ಬೀಗ ಬಿದ್ದ ದಿನ.

2. ವಾಸ ಆರಂಭವಾದ ದಿನ: ಲೀಸೋ ಲೈಸೆನ್ಸೋ

1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಮಿನ ಪ್ರಕಾರ ಲೈಸೆನ್ಸ್ ಎಂದರೆ ಸ್ವತ್ತಿನಲ್ಲಿ ಹಿತಾಸಕ್ತಿ ಸೃಷ್ಟಿಸದ ಬರೀ ಅನುಮತಿ. ಹಾಸ್ಟೆಲ್ ಹಂಚಿಕೆ ಪತ್ರಗಳು ಸಾಮಾನ್ಯವಾಗಿ ಇದೇ ಪದವನ್ನು ಬಳಸುತ್ತವೆ. ಆದರೆ ಅಸೋಸಿಯೇಟೆಡ್ ಹೋಟೆಲ್ಸ್ ವಿರುದ್ಧ ಆರ್.ಎನ್. ಕಪೂರ್ ಪ್ರಕರಣದಲ್ಲಿ (1959) ಸುಪ್ರೀಂ ಕೋರ್ಟ್, ಪತ್ರದ ಹೆಸರಿಗಿಂತ ಅದರ ತಿರುಳು ಮುಖ್ಯ, ಉಭಯ ಪಕ್ಷಗಳ ಉದ್ದೇಶವೇ ನಿರ್ಣಾಯಕ ಎಂದಿತು. ಪ್ರತ್ಯೇಕ ಸ್ವಾಧೀನ ಲೀಸಿನತ್ತ ಬೆರಳು ತೋರಿಸುತ್ತದೆಯಾದರೂ ಅದೊಂದೇ ಸಾಲದು. ಆರು ಮಂಚಗಳ ಕೋಣೆ, ವಾರ್ಡನ್ ಬಳಿ ಇನ್ನೊಂದು ಕೀಲಿ, ರಾತ್ರಿ ಗೇಟ್ ಮುಚ್ಚುವ ನಿಯಮ: ಇಂಥ ಕಡೆ ಲೀಸ್ ಎಂದು ಸಾಧಿಸುವುದು ಬಹುಶಃ ಕಷ್ಟ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. 2022ರ ಫೆಬ್ರವರಿ 7ರಂದು ಕರ್ನಾಟಕ ಹೈಕೋರ್ಟ್, ವಿದ್ಯಾರ್ಥಿಗಳು ಮತ್ತು ಉದ್ಯೋಗಸ್ಥರ ಹಾಸ್ಟೆಲ್‌ಗೆಂದು ಲೀಸಿಗೆ ಕೊಟ್ಟ ಬೆಂಗಳೂರಿನ ಕಟ್ಟಡವನ್ನು ಜಿಎಸ್‌ಟಿ ವಿನಾಯಿತಿಯ ಮಟ್ಟಿಗೆ ‘ವಾಸದ ಮನೆ’ ಎಂದು ಪರಿಗಣಿಸಿತು. ಇದು ತೆರಿಗೆಯ ಪ್ರಶ್ನೆಗೆ ಕೊಟ್ಟ ಉತ್ತರ. ಇದರಿಂದ ವಾಸಿಗೆ ಬಾಡಿಗೆದಾರನ ಹಕ್ಕು ಬರುತ್ತದೆ ಎಂದು ತೀರ್ಮಾನಿಸಲು ಆಧಾರ ಕಾಣದು.

3. ಬೀಗ ಬಿದ್ದ ದಿನ

ಲೈಸೆನ್ಸ್ ಎಂದೇ ಒಪ್ಪಿದರೂ ವಾದ ಮುಗಿಯುವುದಿಲ್ಲ. ಅದೇ 1882ರ ಕಾಯ್ದೆಯ 63ನೇ ಕಲಂ, ಲೈಸೆನ್ಸ್ ರದ್ದಾದ ಮೇಲೆ ಜಾಗ ಬಿಡಲು ಮತ್ತು ಸಾಮಾನು ಸಾಗಿಸಲು ನ್ಯಾಯಯುತ ಕಾಲಾವಕಾಶ ಕೊಡುತ್ತದೆ. ದಿನಗಳ ಸಂಖ್ಯೆ ಅದರಲ್ಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರ ಟ್ರಂಕು, ಹಾಸಿಗೆಯನ್ನು ಗೇಟಿನ ಹೊರಗೆ ಇಟ್ಟಿದ್ದರೆ ಮೊದಲು ಉದ್ಧರಿಸಬೇಕಾದದ್ದು ಈ ಕಲಮನ್ನೇ.

1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ, ಕಾನೂನುಕ್ರಮವಿಲ್ಲದೆ ಸ್ವಾಧೀನ ತಪ್ಪಿಸಿದ್ದರೆ ದಾವೆ ಹೂಡಬಹುದು. ಅವಧಿ 6 ತಿಂಗಳು, ಮತ್ತು ಸರ್ಕಾರದ ವಿರುದ್ಧ ಈ ದಾವೆ ಸಲ್ಲದು. ಲೈಸೆನ್ಸ್‌ದಾರನಿಗೆ ಈ ಅರ್ಥದ ‘ಸ್ವಾಧೀನ’ ಇದೆಯೇ ಎಂಬುದು ವಿವಾದಾಸ್ಪದ. ಕರ್ನಾಟಕದಿಂದ ಹೋದ ರಾಮೇಗೌಡ ಪ್ರಕರಣದಲ್ಲಿ (ಡಿಸೆಂಬರ್ 2003) ಸುಪ್ರೀಂ ಕೋರ್ಟ್, ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ಮಾಲೀಕನೂ ಬಲಪ್ರಯೋಗದಿಂದ ಹೊರಹಾಕುವಂತಿಲ್ಲ ಎಂದಿತು. ಮರಿಯಾ ಮಾರ್ಗರಿಡಾ ಪ್ರಕರಣದಲ್ಲಿ (ಮಾರ್ಚ್ 2012) ಅದೇ ನ್ಯಾಯಾಲಯ, ಕಾವಲುಗಾರ ಅಥವಾ ಸೇವಕ ಎಷ್ಟು ಕಾಲ ಇದ್ದರೂ ಸ್ವತ್ತಿನಲ್ಲಿ ಹಿತಾಸಕ್ತಿ ಪಡೆಯುವುದಿಲ್ಲ ಎಂದಿತು. ಮೊದಲನೆಯದು ಹೊರಹಾಕುವ ವಿಧಾನವನ್ನು, ಎರಡನೆಯದು ಮುಖ್ಯವಾಗಿ ಹಕ್ಕಿನ ಸ್ವರೂಪವನ್ನು ಕುರಿತದ್ದು ಎಂದು ಓದಿದರೆ ವಿರೋಧ ಬಹಳಮಟ್ಟಿಗೆ ಕರಗುತ್ತದೆ.

4. ಕೆಲಸ ನಿಂತ ದಿನ

ಕಂಪನಿಯ ಸ್ವತ್ತನ್ನು ನೌಕರ ಅಕ್ರಮವಾಗಿ ಇಟ್ಟುಕೊಳ್ಳುವುದು 1956ರ ಕಂಪನಿಗಳ ಕಾಯ್ದೆಯ 630ನೇ ಕಲಮಿನಡಿ ಅಪರಾಧವಾಗಿತ್ತು. 2013ರ ಕಾಯ್ದೆಯಲ್ಲಿ ಅದು 452ನೇ ಕಲಂ. 630ನೇ ಕಲಂ ಮಾಜಿ ನೌಕರರಿಗೂ ಅನ್ವಯಿಸುತ್ತದೆ ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗಿನ ದಂಡ 1 ಲಕ್ಷದಿಂದ 5 ಲಕ್ಷ ರೂಪಾಯಿ. ಸ್ವತ್ತು ಮರಳಿಸಬೇಕೆಂಬ ಆದೇಶ ಪಾಲಿಸದಿದ್ದರೆ 2 ವರ್ಷದವರೆಗೆ ಸೆರೆ.

2020ರ ತಿದ್ದುಪಡಿ ಇದಕ್ಕೆ ಒಂದು ಪರಂತುಕ ಸೇರಿಸಿತು: ಭವಿಷ್ಯ ನಿಧಿ, ಪಿಂಚಣಿ, ಗ್ರಾಚ್ಯುಟಿ ನಿಧಿಗಳ ಬಾಕಿಯನ್ನೋ ಸಾವು ಅಥವಾ ಅಂಗವೈಕಲ್ಯದ ಪರಿಹಾರವನ್ನೋ ಕಂಪನಿ ಕೊಟ್ಟಿಲ್ಲವೆಂದು ನ್ಯಾಯಾಲಯಕ್ಕೆ ಮನದಟ್ಟಾದರೆ, ವಾಸದ ಘಟಕ ಬಿಡದಿದ್ದಕ್ಕೆ ಸೆರೆವಾಸ ವಿಧಿಸುವಂತಿಲ್ಲ. ಇದು ಸೆರೆವಾಸಕ್ಕೆ ತಡೆ. ವಾಸ ಮುಂದುವರಿಸುವ ಹಕ್ಕು ಇದರಿಂದ ಹುಟ್ಟದು. ಹಾಸ್ಟೆಲಿನ ಒಂದು ಮಂಚ ‘ವಾಸದ ಘಟಕ’ವೇ ಎಂಬುದೂ ವಾದಿಸಬೇಕಾದ ಅಂಶ.

5. ನೋಟಿಸ್ ಕೈಗೆ ಬಂದ ದಿನ

ಕೇಂದ್ರದ ಸಾರ್ವಜನಿಕ ಉದ್ದಿಮೆಗಳ ಕಟ್ಟಡಗಳಿಗೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆಯೂ ಕರ್ನಾಟಕ ಸರ್ಕಾರದ ಕಟ್ಟಡಗಳಿಗೆ 1974ರ ರಾಜ್ಯ ಕಾಯ್ದೆಯೂ ಅನ್ವಯಿಸುತ್ತವೆ. ಕೇಂದ್ರ ಕಾಯ್ದೆಗೆ 2019ರಲ್ಲಿ ಸೇರಿದ 3ಬಿ ಕಲಮಿನಂತೆ, ಲೈಸೆನ್ಸ್ ಮೇಲೆ ಕೊಟ್ಟ ವಸತಿಯ ಅವಧಿ ಮುಗಿದ ಬಳಿಕ ಕಾರಣ ತೋರಿಸಲು ಸಿಗುವುದು 3 ಕೆಲಸದ ದಿನ. 5ನೇ ಕಲಮಿನ ತೆರವು ಆದೇಶದ ಮೇಲ್ಮನವಿಗೆ 12 ದಿನ. ನಿರ್ದಿಷ್ಟ ಹಾಸ್ಟೆಲ್ 3ಬಿ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಹಂಚಿಕೆಯ ಷರತ್ತು ನೋಡಿಯೇ ಹೇಳಬೇಕು.

ಕೇಂದ್ರ ಗೃಹ ಸಚಿವಾಲಯದ 2020ರ ಮಾರ್ಚ್ 29ರ ಆದೇಶ ಇದಕ್ಕೆ ಹೋಲಿಕೆಯಾಗಿ ಉಪಯುಕ್ತ. ಬಾಡಿಗೆ ಕೇಳಬಾರದೆಂಬ ಅದರ ಅಂಶ ‘ಬಾಡಿಗೆ ವಸತಿ’ಯಲ್ಲಿರುವ ಕಾರ್ಮಿಕರಿಗೆ, ಒಂದು ತಿಂಗಳ ಮಟ್ಟಿಗೆ. ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತವಾಗಿ ತೆರವು ಮಾಡಿಸಿದರೆ ಕ್ರಮ ಎಂಬ ಅಂಶದಲ್ಲಿರುವುದು ‘ಆವರಣ’ ಎಂಬ ವಿಶಾಲ ಪದ. ಈ ಪದಭೇದ ಉದ್ದೇಶಪೂರ್ವಕವೇ ಎಂಬುದು ಆದೇಶದ ಪಠ್ಯದಿಂದ ತಿಳಿಯದು.

6. ನೆರವಿಗೆ ಅರ್ಹತೆ

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರದ್ದು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಕಲಂ ಮಹಿಳೆಯರನ್ನೂ ಪರಿಶಿಷ್ಟ ಜಾತಿ, ಪಂಗಡದವರನ್ನೂ ಕೈಗಾರಿಕಾ ಕಾರ್ಮಿಕರನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ; ಆದಾಯದ ಮಿತಿ ಬೇರೆಯೇ ಖಂಡದಲ್ಲಿದೆ. ಹೀಗಾಗಿ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮಹಿಳೆ ಮಹಿಳೆ ಎಂಬ ನೆಲೆಯಲ್ಲೇ ಅರ್ಹಳು. 13ನೇ ಕಲಂ ಮೇಲ್ನೋಟಕ್ಕೆ ಪ್ರಕರಣವಿರಬೇಕೆಂದು ಕೇಳುತ್ತದೆ. ತಾಲ್ಲೂಕು ಮಟ್ಟದಲ್ಲಿ ಸಮಿತಿಗಳಿವೆ; ಸಹಾಯವಾಣಿ 15100.

7. ತಾತ್ಕಾಲಿಕ ನಿರ್ಣಯ

3 ಕೆಲಸದ ದಿನ, 12 ದಿನ, 6 ತಿಂಗಳು: ಪರಿಹಾರಗಳು ಇಷ್ಟು ಭಿನ್ನ ಅವಧಿಗಳಲ್ಲಿ ಹರಡಿವೆ. ಹಕ್ಕಿನ ಸ್ವರೂಪ ತೀರ್ಮಾನವಾಗಲು ವರ್ಷಗಳೇ ಬೇಕಾಗಬಹುದು. ಈ ಅವಧಿಗಳು ಅಷ್ಟು ಕಾಯುವುದಿಲ್ಲ. ಆದ್ದರಿಂದ ನೆರವಿನ ಮೊದಲ ಭೇಟಿಯಲ್ಲಿ ಸಂಗ್ರಹಿಸಬೇಕಾದ ಪುರಾವೆಗಳು ಸಾಧಾರಣವಾದವು: ಹಂಚಿಕೆ ಪತ್ರ, ಹಾಸ್ಟೆಲ್ ಕಡಿತ ಕಾಣುವ ಸಂಬಳ ಚೀಟಿ, ನೋಟಿಸ್ ಬಂದ ಲಕೋಟೆ, ಗೇಟ್ ರಿಜಿಸ್ಟರಿನಲ್ಲಿ ವಾಸಿಯ ಕೊನೆಯ ಸಹಿ ಇರುವ ಪುಟದ ಫೋಟೋ. ರಿಜಿಸ್ಟರ್ ಹಾಸ್ಟೆಲಿನವರ ವಶದಲ್ಲೇ ಇರುವುದರಿಂದ, ನಾಲ್ಕರಲ್ಲಿ ಮೊದಲು ಕೈತಪ್ಪುವ ಸಂಭವ ಇರುವುದು ಆ ಪುಟವೇ.