ಪರವಾನಗಿಯೂ ವಾದ್ಯಮೇಳವೂ: ಮುಂಬಯಿಯ ಹೋಟೆಲು ಇತಿಹಾಸದ ಒಂದು ಅಧ್ಯಾಯ

ಮುಂಬಯಿ ನಗರದ ಇರುಳಿನ ಜೀವನವನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ಕಥೆಗಳನ್ನು ಬೇರೆಬೇರೆಯಾಗಿ ಹೇಳುತ್ತ ಬಂದಿದ್ದಾರೆ. ಒಂದು, ತಾಜಮಹಲ್ ಹೋಟೆಲಿನ ನಾಟ್ಯಮಂದಿರದಿಂದ ಹೊರಟು ಚರ್ಚ್‌ಗೇಟ್ ಬೀದಿಯಲ್ಲಿ ನೆಲೆಗೊಂಡ ಜಾಝ್ ಸಂಗೀತದ ಕಥೆ. ಇನ್ನೊಂದು, ಮಾಟುಂಗದ ಇಡ್ಲಿ-ಸಾಂಬಾರಿನಿಂದ ಹೊರಟು ಉಪನಗರಗಳ ಬಾರುಗಳವರೆಗೆ ಹಬ್ಬಿದ ಕರಾವಳಿ ಕನ್ನಡಿಗರ ಹೋಟೆಲು ಉದ್ಯಮದ ಕಥೆ. ಮೊದಲನೆಯದನ್ನು ಕಲೆಯ ಇತಿಹಾಸವೆಂದೂ ಎರಡನೆಯದನ್ನು ವ್ಯಾಪಾರದ ಇತಿಹಾಸವೆಂದೂ ಎಣಿಸುವುದು ರೂಢಿ. ಆದರೆ ಎರಡನ್ನೂ ಬಿಗಿದಿರುವ ಸೂತ್ರವೊಂದುಂಟು. ಅದು ಸರಕಾರದ ಪರವಾನಗಿ. ಯಾರು ಎಲ್ಲಿ ಕುಡಿಯಬಹುದು, ಎಲ್ಲಿ ಹಾಡಬಹುದು, ಎಲ್ಲಿ ಕುಣಿಯಬಹುದು ಎಂಬುದನ್ನು ಈ ನಗರದಲ್ಲಿ ಜನರ ಅಭಿರುಚಿಗಿಂತ ಹೆಚ್ಚಾಗಿ ಪರವಾನಗಿಯ ಕಾಗದವೇ ನಿರ್ಧರಿಸಿತು. ಆ ಕಾಗದವು ಧನಿಕನಿಗೊಂದು, ಬಡವನಿಗೊಂದು ಅಳತೆಗೋಲನ್ನು ಹಿಡಿಯಿತು. ಇದನ್ನು ಕಾಲಾನುಕ್ರಮವಾಗಿ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಮಾಟುಂಗವನ್ನು ನೋಡುವ. ೧೮೯೬ರ ಪ್ಲೇಗಿನ ಅನಂತರ ಸ್ಥಾಪಿತವಾದ ನಗರಸುಧಾರಣಾ ಟ್ರಸ್ಟು ದಾದರ-ಮಾಟುಂಗ ಬಡಾವಣೆಯನ್ನು ರೂಪಿಸಿತು. ಕಚೇರಿಗಳ ಗುಮಾಸ್ತಗಿರಿಗಾಗಿ ಬಂದ ದಕ್ಷಿಣದವರು ಅಲ್ಲಿ ನೆಲಸಿದರು. ಮನೆಯೂಟವನ್ನು ಬಿಟ್ಟು ಬಂದ ಈ ವರ್ಗಕ್ಕೆ ಶುದ್ಧ ಶಾಕಾಹಾರ ಬೇಕಾಗಿತ್ತು. ಉಡುಪಿಯ ಕೃಷ್ಣಮಠದ ಪಾಕಶಾಲೆಯ ಕೀರ್ತಿಯನ್ನು ಬೆನ್ನಿಗಿಟ್ಟುಕೊಂಡು ಬಂದ ಕರಾವಳಿಯವರಿಗೆ ಅದನ್ನು ಬಡಿಸುವ ವಿದ್ಯೆ ಗೊತ್ತಿತ್ತು. ೧೯೪೦ರಲ್ಲಿ ಕೆಫೆ ಮದ್ರಾಸ್, ೧೯೪೨ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ಆರಂಭವಾದವು. ಈ ಉಪಾಹಾರಗೃಹಗಳಲ್ಲಿ ಮದ್ಯದ ಮಾತೇ ಇರಲಿಲ್ಲ. ಬೇಗ ಬಡಿಸುವುದು, ಶುಚಿಯಾಗಿ ಬಡಿಸುವುದು, ಕಡಮೆ ಲಾಭಕ್ಕೆ ಹೆಚ್ಚು ಜನರಿಗೆ ಬಡಿಸುವುದು, ಇವೇ ಅವುಗಳ ವ್ಯಾಪಾರಸೂತ್ರ.

ಈ ಸೂತ್ರ ನಡೆದದ್ದು ಹುಡುಗರ ದುಡಿಮೆಯಿಂದ. ಮಂಗಳೂರಿನಿಂದ ಆವಿಹಡಗನ್ನೇರಿ ಬಂದ ಎಳೆಯರು ಪಾತ್ರೆ ತೊಳೆದು, ಮೇಜು ಒರೆಸಿ, ಮಾಣಿಗಳಾಗಿ, ಕೆಲವರು ಗಲ್ಲಾದವರೆಗೆ ಏರಿದರು. ಹೋಟೆಲಿನ ಬೆಂಚುಗಳೇ ಅವರ ಹಾಸಿಗೆ. ಅವರ ಪಾಲಿಗೆ ಮುಂಬಯಿಯ ಇರುಳೆಂದರೆ ಸಂಗೀತವಲ್ಲ, ಕನ್ನಡ ರಾತ್ರಿಶಾಲೆ. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಮೊದಲಾದ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ ಓದಿ, ಅನಂತರ ಬ್ಯಾಂಕು, ವಕೀಲಿ, ಪತ್ರಿಕಾವೃತ್ತಿಗಳನ್ನು ಸೇರಿದವರು ಅನೇಕರು. ಮುಂಬಯಿ ಕನ್ನಡಿಗರ ವಿದ್ಯಾವಂತವರ್ಗದ ಒಂದು ಬೇರು ಈ ಎಂಜಲು ಮೇಜಿನ ಕೆಳಗೇ ಇದೆಯೆಂದರೆ ತಪ್ಪಾಗದು.

ಇದೇ ಕಾಲದಲ್ಲಿ ನಗರದ ದಕ್ಷಿಣ ತುದಿಯಲ್ಲಿ ಬೇರೊಂದು ಲೋಕವಿತ್ತು. ೧೯೦೩ರಲ್ಲಿ ತೆರೆದ ತಾಜಮಹಲ್ ಹೋಟೆಲಿಗೆ ೧೯೩೫ರಲ್ಲಿ ಅಮೆರಿಕದ ನೀಗ್ರೋ ಜನಾಂಗದ ಪಿಟೀಲುವಾದಕ ಲಿಯಾನ್ ಅಬ್ಬೆಯ ವಾದ್ಯಮೇಳ ಬಂದಿತು. ಅವನ ಹಿಂದೆ ಪಿಯಾನೋವಾದಕ ಟೆಡ್ಡಿ ವೆದರ್‌ಫರ್ಡ್ ಬಂದನು. ತಮ್ಮ ದೇಶದಲ್ಲಿ ವರ್ಣಭೇದದಿಂದ ನೊಂದ ಈ ಕಲಾವಿದರಿಂದ ಜಾಝ್ ವಿದ್ಯೆಯನ್ನು ಕಲಿತವರು ಮುಖ್ಯವಾಗಿ ಗೋವೆಯ ಕ್ರೈಸ್ತ ವಾದಕರು. ಊರ ಇಗರ್ಜಿಗಳ ಶಾಲೆಯಲ್ಲಿ ಸ್ವರಲಿಪಿಯನ್ನು ಅಭ್ಯಾಸ ಮಾಡಿದ್ದ ಅವರು, ಧೋಬಿತಲಾವಿನ ‘ಕೂಡ’ಗಳೆಂಬ ಗ್ರಾಮಸ್ಥರ ವಸತಿಗಳಲ್ಲಿ ಒಂದು ಪೆಟ್ಟಿಗೆಯ ಜಾಗದಲ್ಲಿ ಬದುಕುತ್ತಿದ್ದರು. ಮಾಟುಂಗದ ಮಾಣಿಗೂ ಧೋಬಿತಲಾವಿನ ತುತ್ತೂರಿಯವನಿಗೂ ಪರಸ್ಪರ ಪರಿಚಯವಿರಲಿಲ್ಲ. ಆದರೆ ಊರಿಗೆ ಹಣ ಕಳುಹಿಸುವ ಚಿಂತೆ ಇಬ್ಬರಿಗೂ ಒಂದೇ. ಮಿಕ್ಕಿ ಕೊರೆಯಾ ೧೯೩೯ರಿಂದ ಸುಮಾರು ಎರಡು ದಶಕಗಳ ಕಾಲ ತಾಜಿನ ಮೇಳವನ್ನು ನಡೆಸಿದನು. ‘ಚಿಕ್ ಚಾಕೊಲೆಟ್’ ಎಂದು ಹೆಸರಾದ ಆಂತೋನಿಯೊ ಕ್ಸೇವಿಯರ್ ವಾಝ್ ಹೋಟೆಲಿನ ವೇದಿಕೆಯಿಂದ ಚಿತ್ರಲೋಕಕ್ಕೂ ಹೋಗಿ, ಸಿ. ರಾಮಚಂದ್ರರ ಸಹಾಯಕನಾಗಿ ‘ಅಲ್ಬೇಲಾ’ (೧೯೫೧) ಮುಂತಾದ ಚಿತ್ರಗಳ ಸಂಗೀತದಲ್ಲಿ ಜಾಝಿನ ಲಯವನ್ನು ಬೆರೆಸಿದನು.

ಈ ಎರಡು ಲೋಕಗಳ ಮೇಲೂ ಒಂದೇ ಬಾರಿಗೆ ಬಿದ್ದದ್ದು ಪಾನನಿರೋಧದ ನೆರಳು. ೧೯೩೯ರ ಆಗಸ್ಟ್ ೧ರಂದು ಮುಂಬಯಿಯಲ್ಲಿ ಪಾನನಿರೋಧ ಜಾರಿಯಾಗಿತ್ತು. ಅಬಕಾರಿ ಖಾತೆಯ ಮಂತ್ರಿ ಡಾಕ್ಟರ್ ಗಿಲ್ಡರ್ ಸ್ವತಃ ಪಾರಸಿಯಾಗಿದ್ದರೂ ಪಾರಸಿ ಸಮಾಜದಿಂದಲೇ ತೀವ್ರ ವಿರೋಧ ಬಂದಿತು. ಆ ವರ್ಷವೇ ಮಂತ್ರಿಮಂಡಲ ರಾಜೀನಾಮೆ ಕೊಟ್ಟುದರಿಂದ ಪ್ರಯೋಗ ಸಡಿಲವಾಯಿತು. ಸ್ವಾತಂತ್ರ್ಯಾನಂತರ ಮೊರಾರ್ಜಿ ದೇಸಾಯಿಯವರು ಗೃಹಮಂತ್ರಿಗಳಾಗಿದ್ದಾಗ ಅದು ಬಲವಾಗಿ ಮರಳಿತು. ೧೯೪೯ರ ಮುಂಬಯಿ ಪಾನನಿರೋಧ ಕಾಯಿದೆಯ ಮೇರೆಗೆ ೧೯೫೦ರ ಏಪ್ರಿಲಿನಲ್ಲಿ ಸಂಪೂರ್ಣ ನಿಷೇಧ ಬಂದಿತು. ಬಲ್ಸಾರ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೫೧ರಲ್ಲಿ ಮದ್ಯಸಾರವುಳ್ಳ ಔಷಧ ಹಾಗೂ ಪ್ರಸಾಧನಗಳ ಕುರಿತ ಕೆಲವು ವಿಧಿಗಳನ್ನು ತೊಡೆದುಹಾಕಿತಾದರೂ ಕಾಯಿದೆಯ ಮುಖ್ಯಭಾಗವನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಅಂಶ ನಿಷೇಧವಲ್ಲ, ನಿಷೇಧದೊಳಗಿನ ರಂಧ್ರ. ವಿದೇಶೀಯರಿಗೆ ಒಂದು ಪರವಾನಗಿ ದೊರೆಯುತ್ತಿತ್ತು. ಆರೋಗ್ಯಕ್ಕೆ ಮದ್ಯ ಅವಶ್ಯವೆಂದು ವೈದ್ಯರ ಪ್ರಮಾಣಪತ್ರ ತಂದವರಿಗೆ ಇನ್ನೊಂದು. ವೈದ್ಯರಿಗೂ ಅರ್ಜಿಗೂ ಹಣ ತೆರಬಲ್ಲವನು ಹೀಗೆ ರೋಗಿಯಾಗಿ ಕುಡಿದನು. ತೆರಲಾರದ ಗಿರಣಿಯ ಕೂಲಿಯವನು ಕಳ್ಳಭಟ್ಟಿಯ ಸೆರೆಯನ್ನು ಕುಡಿದು ಅಪರಾಧಿಯಾದನು. ಸಂಗೀತವೂ ಇದೇ ದಾರಿಯನ್ನು ಹಿಡಿಯಿತು. ಮದ್ಯದ ಆದಾಯವಿಲ್ಲದೆ ವಾದ್ಯಮೇಳವನ್ನು ಸಾಕುವುದು ದುಬಾರಿಯಾದ್ದರಿಂದ ಅದು ದೊಡ್ಡ ಹೋಟೆಲುಗಳಲ್ಲಿಯೂ, ಇಂದು ವೀರ ನರಿಮನ್ ರಸ್ತೆಯೆಂದು ಕರೆಯಲ್ಪಡುವ ಚರ್ಚ್‌ಗೇಟ್ ಬೀದಿಯ ಪರಿಸರದಲ್ಲಿಯೂ ಮಾತ್ರ ಉಳಿಯಿತು. ೧೯೫೬ರಲ್ಲಿ ತೆರೆದ ಗೇಲಾರ್ಡ್, ಅಸ್ಟೋರಿಯ ಹೋಟೆಲಿನ ವೆನಿಸ್, ರಿಟ್ಝ್ ಹೋಟೆಲಿನ ಲಿಟ್ಲ್ ಹಟ್ ಇವು ಆ ಪರಿಸರದ ಪ್ರಸಿದ್ಧ ಸ್ಥಾನಗಳು. ಕೋಟು ತೊಟ್ಟ ತರುಣರು ಕಾಫಿಯ ಬಟ್ಟಲನ್ನು ಮುಂದಿಟ್ಟುಕೊಂಡೇ ಜಾಝನ್ನು ಕೇಳಿದ ಕಾಲವದು. ಅನೇಕ ವಾದಕರಿಗೆ ನಿಜವಾದ ಜೀವನಾಧಾರವಾದದ್ದು ಚಿತ್ರಸಂಗೀತದ ಧ್ವನಿಮುದ್ರಣಶಾಲೆಗಳೇ.

೧೯೬೦ರ ದಶಕದಲ್ಲಿ ಮಹಾರಾಷ್ಟ್ರ ಸರಕಾರ ನಿಷೇಧವನ್ನು ಸಡಿಲಿಸಿತು, ರದ್ದುಗೊಳಿಸಲಿಲ್ಲ. ಕಾಯಿದೆ ಹಾಗೆಯೇ ನಿಂತು, ಪರವಾನಗಿ ಸುಲಭವಾಯಿತು. ಕುಡಿಯುವವನ ಬಳಿ ಪರ್ಮಿಟ್ ಇರಬೇಕೆಂಬ ನಿಯಮ ಇಂದಿಗೂ ಪುಸ್ತಕದಲ್ಲಿದೆ. ಊಟದ ಹೋಟೆಲಿನಲ್ಲಿ ಬೇರೆಯಾಗಿ ಗೋಡೆ ಹಾಕಿ ಮದ್ಯಕ್ಕೆಂದು ಮೀಸಲಿಟ್ಟ ಕೋಣೆಗೆ ‘ಪರ್ಮಿಟ್ ರೂಮು’ ಎಂಬ ಹೆಸರು ಬಂದದ್ದು ಹೀಗೆ. ಲೋಕದ ಇತರ ನಗರಗಳಲ್ಲಿ ಪಾನಗೃಹಗಳಿಗೆ ಸಿಂಹದ, ಕಿರೀಟದ, ದ್ರಾಕ್ಷಿಯ ಹೆಸರುಗಳಿದ್ದರೆ, ಮುಂಬಯಿಯಲ್ಲಿ ಸರಕಾರಿ ಕಾಗದವೇ ಫಲಕದ ಮೇಲೇರಿತು.

ಈ ಕೋಣೆಯನ್ನು ಕಟ್ಟಿದವರಲ್ಲಿ ಕರಾವಳಿ ಕನ್ನಡಿಗರ ಪಾಲು ದೊಡ್ಡದು. ಇದಕ್ಕೆ ಕಾರಣಗಳು ಊರಲ್ಲಿಯೂ ಇದ್ದವು, ನಗರದಲ್ಲಿಯೂ ಇದ್ದವು. ೧೯೭೪ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆಯಿಂದ ಗೇಣಿಯ ಜಮೀನು ಒಕ್ಕಲುಗಳ ಪಾಲಾಯಿತು. ಒಡೆತನ ಕಳೆದುಕೊಂಡ ಬಂಟ ಮನೆತನಗಳ ತರುಣರಲ್ಲಿ ಹಲವರು, ಮೊದಲೇ ನೆಲೆಯೂರಿದ್ದ ಮಾವ-ಭಾವಂದಿರ ಆಸರೆಯಲ್ಲಿ ಮುಂಬಯಿಯ ಹೋಟೆಲುಗಳಿಗೆ ಬಂದರು. ಇತ್ತ ನಗರದಲ್ಲಿ ಜಾಗದ ಬೆಲೆ ಏರುತ್ತಿತ್ತು. ಒಂದು ಮೇಜನ್ನು ಗಂಟೆಗೆ ಹಲವು ಗಿರಾಕಿಗಳಿಗೆ ಒದಗಿಸಿದರೂ ಇಡ್ಲಿಯಿಂದ ಬರುವ ಲಾಭ ತೆಳುವಾದದ್ದು. ಬೀರಿನ ಸೀಸೆಯೊಂದು ಅದೇ ಮೇಜಿನಿಂದ ಹೆಚ್ಚಿನದನ್ನು ತರಬಲ್ಲದು. ಇರಾನಿಗಳ ಹಳೆಯ ಚಹಾ ಅಂಗಡಿಗಳಲ್ಲಿ ಹಲವು ಕೈಬದಲಾಗಿ ಬೀರು ಬಾರುಗಳಾದದ್ದೂ ಇದೇ ಲೆಕ್ಕದಿಂದ.

ಬಾರು ಹೆಚ್ಚಿದಂತೆ ಸ್ಪರ್ಧೆಯೂ ಹೆಚ್ಚಿತು. ಗಿರಾಕಿಯನ್ನು ಕೂಡಿಸಿಕೊಳ್ಳಲು ಸಂಗೀತ ಮತ್ತೆ ಬಂದಿತು. ಆದರೆ ಈ ಸಲ ಬಂದದ್ದು ಜಾಝಲ್ಲ, ಚಿತ್ರಗೀತೆಗಳನ್ನು ಹಾಡುವ ‘ಆರ್ಕೆಸ್ಟ್ರಾ’. ವಿನೋದಸ್ಥಾನಗಳಿಗೆ ಸಂಬಂಧಿಸಿದ ೧೯೬೦ರ ಪೋಲೀಸು ನಿಯಮಾವಳಿಯಲ್ಲಿ ಮೇಳ-ತಮಾಷೆಗಳಂತೆ ಇದಕ್ಕೂ ಪರವಾನಗಿ ಬೇಕಾಗಿತ್ತು. ಹಾಡುವವರ ಪಕ್ಕದಲ್ಲಿ ಕುಣಿಯುವ ಹೆಂಗಸರು ಬಂದು, ೧೯೮೦ರ ಅನಂತರ ‘ಡಾನ್ಸ್ ಬಾರು’ ಎಂಬುದು ಉಪನಗರಗಳಲ್ಲಿ ಸ್ಥಿರವಾಯಿತು. ಇದೇ ಮಾಲಿಕರಲ್ಲಿ ಹಲವರು ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳನ್ನು ಮುಂಬಯಿಗೆ ಕರೆಸಿ ಇರುಳಿಡೀ ಆಟ ಆಡಿಸುತ್ತಿದ್ದರು. ಆಟದ ವೇದಿಕೆಗೆ ಮರ್ಯಾದೆ, ಬಾರಿನ ವೇದಿಕೆಗೆ ಮೌನ. ಕರಾವಳಿ ಸಮಾಜದ ಸ್ಮರಣಸಂಚಿಕೆಗಳಲ್ಲಿ ಮೊದಲನೆಯದರ ದಾಖಲೆ ಧಾರಾಳವಾಗಿದೆ, ಎರಡನೆಯದು ಕಾಣುವುದೇ ಅಪೂರ್ವ.

ಆ ಮೌನವನ್ನು ಮುರಿದದ್ದು ಕಾನೂನು. ೨೦೦೫ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲವು ೧೯೫೧ರ ಪೋಲೀಸು ಕಾಯಿದೆಗೆ ಎರಡು ಕಲಮುಗಳನ್ನು ಸೇರಿಸಿತು. ೩೩-ಎ ಕಲಮು ಉಪಾಹಾರಗೃಹ, ಪರ್ಮಿಟ್ ರೂಮು, ಬಾರುಗಳಲ್ಲಿ ನೃತ್ಯವನ್ನು ನಿಷೇಧಿಸಿತು. ೩೩-ಬಿ ಕಲಮು ಮೂರು ನಕ್ಷತ್ರ ಹಾಗೂ ಅದಕ್ಕೆ ಮೇಲ್ಪಟ್ಟ ಹೋಟೆಲುಗಳನ್ನೂ ಸದಸ್ಯರಿಗಷ್ಟೇ ಮೀಸಲಾದ ಜಿಮಖಾನೆಗಳನ್ನೂ ಈ ನಿಷೇಧದಿಂದ ಹೊರಗಿಟ್ಟಿತು. ಅರ್ಧ ಶತಮಾನದ ಹಿಂದೆ ವೈದ್ಯರ ಪ್ರಮಾಣಪತ್ರ ಮಾಡಿದ ಕೆಲಸವನ್ನು ಇಲ್ಲಿ ನಕ್ಷತ್ರಗಳು ಮಾಡಿದವು. ಎಪ್ಪತ್ತೈದು ಸಾವಿರ ಹೆಂಗಸರ ಕೆಲಸ ಹೋಯಿತೆಂದು ಬಾರು ಮಾಲಿಕರು ವಾದಿಸಿದರು. ಸಂಖ್ಯೆಯ ಕುರಿತು ಭಿನ್ನಾಭಿಪ್ರಾಯವಿರಬಹುದು. ಹೊಟ್ಟೆಪಾಡು ಹೋದದ್ದು ಸತ್ಯ. ಹೋಟೆಲು ಮಾಲಿಕರ ಸಂಘವೂ ಕುಣಿಯುವ ಹೆಂಗಸರ ಪರವಾಗಿ ನಿಂತ ಸಂಘಟನೆಗಳೂ ನ್ಯಾಯಾಲಯಕ್ಕೆ ಹೋದುವು. ಮುಂಬಯಿ ಉಚ್ಚ ನ್ಯಾಯಾಲಯ ೨೦೦೬ರ ಏಪ್ರಿಲಿನಲ್ಲಿ ನಿಷೇಧವನ್ನು ರದ್ದುಮಾಡಿತು. ೨೦೧೩ರ ಜುಲೈ ೧೬ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಒಂದೇ ಬಗೆಯ ವಿನೋದವು ಸಿರಿವಂತನಲ್ಲಿ ಬರಿಯ ಸಂತೋಷವನ್ನೂ ಬಡವನಲ್ಲಿ ಅನೀತಿಯನ್ನೂ ಹುಟ್ಟಿಸುತ್ತದೆಂಬ ಊಹೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಸರಕಾರ ೨೦೧೪ರಲ್ಲಿಯೂ ೨೦೧೬ರಲ್ಲಿಯೂ ಹೊಸ ಶಾಸನಗಳನ್ನು ತಂದಿತು. ೨೦೧೯ರ ಜನವರಿಯ ತೀರ್ಪು ಅವುಗಳ ಹಲವು ಷರತ್ತುಗಳನ್ನು ಕಿತ್ತುಹಾಕಿ, ಸಂಜೆ ಆರರಿಂದ ಹನ್ನೊಂದೂವರೆಯವರೆಗಿನ ವೇಳೆಯನ್ನು ಉಳಿಸಿತು. ಆದರೆ ತೀರ್ಪು ಬರುವಷ್ಟರಲ್ಲಿ ಹದಿಮೂರು ವರ್ಷಗಳು ಸಂದಿದ್ದವು. ನ್ಯಾಯ ದೊರೆತ ಹೆಂಗಸರಲ್ಲಿ ಅನೇಕರು ಆ ಹೊತ್ತಿಗೆ ವೇದಿಕೆಯ ವಯಸ್ಸನ್ನೇ ದಾಟಿದ್ದರು.

ಇದೇ ಅವಧಿಯಲ್ಲಿ ನಗರದ ಇರುಳು ಹೊಸದೊಂದು ನೆಲೆಯನ್ನು ಕಂಡುಕೊಂಡಿತು, ಅದು ಗಿರಣಗಾಂವು. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಪಾಲ್ಗೊಂಡರು. ಅನೇಕ ಗಿರಣಿಗಳು ಅದರಿಂದ ಚೇತರಿಸಿಕೊಳ್ಳಲೇ ಇಲ್ಲ. ೧೯೯೧ರ ಅಭಿವೃದ್ಧಿ ನಿಯಮಗಳೂ ಅವುಗಳ ೨೦೦೧ರ ತಿದ್ದುಪಡಿಯೂ ಗಿರಣಿಯ ನೆಲವನ್ನು ಮಾರುಕಟ್ಟೆಗೆ ಬಿಟ್ಟವು. ಖಾನಾವಳಿಯ ಊಟವುಂಡು ಪಾಳಿಗೆ ಹೋಗುತ್ತಿದ್ದವರ ಲೋವರ್ ಪರೇಲಿನಲ್ಲಿ ಸಿರಿವಂತ ತರುಣರ ಬಾರುಗಳು ತಲೆಯೆತ್ತಿದವು. ಮಥುರಾದಾಸ ಗಿರಣಿಯ ಆವರಣದಲ್ಲಿ ೨೦೦೭ರಲ್ಲಿ ತೆರೆದ ಬ್ಲೂ ಫ್ರಾಗ್ ಎಂಬ ಸಂಗೀತಸ್ಥಾನ ೨೦೧೬ರವರೆಗೆ ದೇಶವಿದೇಶದ ಕಲಾವಿದರಿಗೆ ವೇದಿಕೆಯಾಗಿತ್ತು. ಉಪನಗರದ ಬಾರಿನಲ್ಲಿ ಕುಣಿತ ಅಪರಾಧವಾಗಿದ್ದ ವರ್ಷಗಳಲ್ಲಿಯೇ ಇಲ್ಲಿ ಸಂಗೀತ ನಗರದ ಹೆಮ್ಮೆಯಾಗಿತ್ತು.

ಆದರೆ ೨೦೧೭ರ ಡಿಸೆಂಬರ್ ೨೯ರ ನಡುರಾತ್ರಿ, ಅದೇ ಬಡಾವಣೆಯ ಕಮಲಾ ಮಿಲ್ಸ್ ಆವರಣದಲ್ಲಿ, ಮಾಳಿಗೆಯ ಮೇಲಣ ಉಪಾಹಾರಗೃಹಗಳಿಗೆ ಬೆಂಕಿ ಬಿದ್ದು ಹದಿನಾಲ್ಕು ಜನ ಸತ್ತರು. ಹೊರಬರುವ ದಾರಿ ಸಿಗದೆ ಹೊಗೆಯಲ್ಲಿ ಉಸಿರುಕಟ್ಟಿದವರೇ ಅವರಲ್ಲಿ ಹೆಚ್ಚು. ಈ ದುರಂತವನ್ನು ಮೇಲಿನ ಇತಿಹಾಸದಿಂದ ಬೇರೆಯಾಗಿ ನೋಡುವುದು ಸಾಧುವಲ್ಲ. ಎಪ್ಪತ್ತು ವರ್ಷಗಳ ಕಾಲ ಪರವಾನಗಿ ಎಂಬ ಕಣ್ಣು ಗಿರಾಕಿಯ ಬಟ್ಟಲನ್ನೂ ನರ್ತಕಿಯ ಉಡುಗೆಯನ್ನೂ ನೋಡುತ್ತಿತ್ತು. ಮಾಡು ಯಾವುದರಿಂದ ಮಾಡಿದ್ದು, ಬಾಗಿಲುಗಳೆಷ್ಟು, ಮಾಣಿಗೆ ಕೂಲಿಯೆಷ್ಟು ಎಂಬುದರ ಮೇಲೆ ಅದರ ದೃಷ್ಟಿ ಅಷ್ಟೇ ದೃಢವಾಗಿ ನಿಲ್ಲಲಿಲ್ಲ. ನೀತಿಯ ಕಾವಲಿಗೆ ಖರ್ಚಾದ ಎಚ್ಚರ ಪ್ರಾಣದ ಕಾವಲಿಗೆ ಸಾಲದೆಹೋಯಿತು.

ಕರಾವಳಿ ಕನ್ನಡಿಗನ ಪಾತ್ರ ಈ ಇತಿಹಾಸದಲ್ಲಿ ನಾಯಕನದೂ ಅಲ್ಲ, ಖಳನದೂ ಅಲ್ಲ. ಕಾನೂನು ಒಂದು ಬಾಗಿಲನ್ನು ಮುಚ್ಚಿದಾಗ ಗೋಡೆಯಲ್ಲಿ ಇನ್ನೊಂದನ್ನು ತೆರೆದ ಜಾಣ್ಮೆ ಅವನದು. ಆ ಜಾಣ್ಮೆಯ ಫಲದಿಂದ ಶಾಲೆಗಳೂ ಸಂಘಗಳೂ ಬ್ಯಾಂಕುಗಳೂ ಪೋಷಣೆ ಪಡೆದವು. ಪರವಾನಗಿಯ ಪುಸ್ತಕದಲ್ಲಿ ಅವನ ಹೆಸರಿದೆ. ತುತ್ತೂರಿಯವನ ಹೆಸರು, ಕುಣಿದವಳ ಹೆಸರು, ಎಂಜಲು ಬಟ್ಟಲನ್ನೆತ್ತಿದ ಹುಡುಗನ ಹೆಸರು ಅದರಲ್ಲಿಲ್ಲ. ಅವರಲ್ಲಿ ಬದುಕಿರುವವರ ನೆನಪುಗಳನ್ನು, ಅವು ಅಳಿಯುವ ಮುನ್ನ ಕೇಳಿ ಬರೆದಿಡುವುದು ಮುಂಬಯಿಯ ಕನ್ನಡ ಸಂಸ್ಥೆಗಳು ಕೈಗೊಳ್ಳಬೇಕಾದ ಮೊದಲ ಕಾರ್ಯವಾಗಿದೆ.