ಕವಣೆಯ ಕಲ್ಲೂ ಮಣ್ಣಹೆಂಟೆಯೂ

ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು, ಕವಣೆ ಬೀಸಿ ಹಕ್ಕಿ ಕಾಯ್ದವರು ನಮ್ಮ ಸಂಘದಲ್ಲಿ ಹಲವರಿರಬಹುದು. ಬಾಲ್ಯದಲ್ಲಿ ನಾನೂ ಕಾಯ್ದವನೇ. ಒಂದು ದಿನ ಕಲ್ಲು ಸಿಗದೆ, ಒಣಗಿದ ಮಣ್ಣಹೆಂಟೆಯನ್ನಿಟ್ಟು ಬಲವೆಲ್ಲ ಹಾಕಿ ಬೀಸಿದೆ. ಹಗುರಾದುದು ಹೆಚ್ಚು ದೂರ ಹೋದೀತೆಂದು ನನ್ನ ಲೆಕ್ಕ. ಹೆಂಟೆ ಹೊಲದ ನಡುವೆಯೇ ಬಿತ್ತು; ಹಕ್ಕಿಗಳು ಏಳಲಿಲ್ಲ. ತೋಳಿನಲ್ಲಿ ಕಸುವಿಲ್ಲವೆಂದು ಅಂದು ಅತ್ತೆ. ತಪ್ಪು ತೋಳಿನದಲ್ಲವೆಂದು ತಿಳಿದದ್ದು ಬಹುಕಾಲದ ಮೇಲೆ, ಗ್ರೀಕರ ಇತಿಹಾಸವನ್ನೋದಿದಾಗ.

ಕ್ರಿ. ಪೂ. 401ರಲ್ಲಿ ಪರ್ಷಿಯಾದಿಂದ ಹಿಂದಿರುಗುತ್ತಿದ್ದ ಗ್ರೀಕ್ ಸೈನ್ಯವನ್ನು ಶತ್ರುಗಳ ಬಿಲ್ಲುಗಾರರೂ ಕವಣೆಗಾರರೂ ಕಾಡಿದರು. ಆಗ ಸೇನಾನಿ ಕ್ಸೆನೋಫನ್, ತನ್ನ ದಂಡಿನಲ್ಲಿದ್ದ ರೋಡ್ಸ್ ದ್ವೀಪದವರಿಂದ 200 ಕವಣೆಗಾರರನ್ನು ಸೇರಿಸಿದನು. ಪರ್ಷಿಯನ್ನರು ಬೀಸುತ್ತಿದ್ದುದು ಮುಷ್ಟಿಗಾತ್ರದ ಕಲ್ಲು. ರೋಡ್ಸ್‌ನವರ ಸೀಸದ ಗುಂಡು ಅದರ ಎರಡರಷ್ಟು ದೂರ ಹೋಗುತ್ತಿತ್ತೆಂದು ಅವನೇ ಬರೆದಿದ್ದಾನೆ.

ಇದರ ಗುಟ್ಟೇನು? ಕವಣೆಯೆಂದರೆ ಉದ್ದವಾದ ತೋಳೇ ಸರಿ. ಕೈ ತಿರುಗಿದಂತೆ ಹಗ್ಗದ ತುದಿ ಇನ್ನೂ ವೇಗವಾಗಿ ತಿರುಗುತ್ತದೆ. ಒಂದು ಎಳೆ ಬಿಟ್ಟೊಡನೆ ಗುಂಡು ನೇರವಾಗಿ ಹಾರುತ್ತದೆ. ಗುಂಡು ಬಹಳ ಭಾರವಾದರೆ ತೋಳು ಅದಕ್ಕೆ ವೇಗ ಕೊಡಲಾರದು. ಹಾಗೆಂದು ಗುಂಡನ್ನು ಅರ್ಧಕ್ಕಿಳಿಸಿದರೆ ವೇಗ ಇಮ್ಮಡಿಯಾಗದು. ತೋಳಿಗೂ ಹಗ್ಗಕ್ಕೂ ತಮ್ಮದೇ ಭಾರವಿದೆಯಲ್ಲವೆ?

ಕೈಬಿಟ್ಟ ಮೇಲೆ ತಡೆಯುವುದು ಗಾಳಿ. 30 ಗ್ರಾಂ ಸೀಸದ ಗುಂಡು ಸುಮಾರು 1.7 ಸೆಂಟಿಮೀಟರ್ ಅಡ್ಡಳತೆಯದು. ಅಷ್ಟೇ ತೂಕದ ಮಣ್ಣುಂಡೆ 3 ಸೆಂಟಿಮೀಟರ್. ಗಾಳಿಗೆ ಎದುರಾಗುವ ಅದರ ಮೈ ಮೂರರಷ್ಟು. ತೂಕವೊಂದೇ, ವೇಗವೊಂದೇ ಆದರೂ ಮಣ್ಣಿಗೆ ತಡೆ ಮೂರರಷ್ಟು! ವೇಗ ಇಮ್ಮಡಿಯಾದರಂತೂ ಗಾಳಿಯ ತಡೆ ನಾಲ್ಮಡಿ. ಬಲವೆಲ್ಲ ಹಾಕಿದ ನನಗೆ ಸಿಕ್ಕ ಫಲ ಇದೇ.

ಆದರೆ ಮಣ್ಣನ್ನು ಹೀಗಳೆಯುವಂತಿಲ್ಲ. ಕ್ರಿ. ಪೂ. 54ರಲ್ಲಿ ಗಾಲ್ ದೇಶದ ನರ್ವಿಯರು ಕಾದ ಮಣ್ಣುಗುಂಡುಗಳನ್ನು ಕವಣೆಯಿಂದೆಸೆದು ರೋಮನರ ಶಿಬಿರದ ಹುಲ್ಲುಮಾಡುಗಳಿಗೆ ಬೆಂಕಿ ಹಚ್ಚಿದರೆಂದು ಸೀಸರನ ಬರಹದಲ್ಲಿದೆ. ನನ್ನ ತಂದೆಯವರೂ ಅಂದು ನನ್ನ ಕಣ್ಣೊರೆಸಿ, "ಹತ್ತಿರದ ಹಕ್ಕಿಗೆ ಹೆಂಟೆಯೇ ಲೇಸು. ಒಡೆದು ಮಣ್ಣಾಗುತ್ತದೆ. ಕಲ್ಲು ಹೊಲದಲ್ಲುಳಿದರೆ ಕುಂಟೆಗೆ ತೊಡಕು," ಎಂದಿದ್ದರು.

ಸ್ಪೇನಿನ ಬಳಿಯ ಬಾಲೆಯಾರಿಕ್ ದ್ವೀಪಗಳಲ್ಲಿ ಗುರಿಯಿಟ್ಟ ರೊಟ್ಟಿಗೆ ಕವಣೆಯಿಂದ ಹೊಡೆದಲ್ಲದೆ ತಾಯಿ ಮಗನಿಗೆ ಅದನ್ನು ತಿನ್ನಗೊಡುತ್ತಿರಲಿಲ್ಲವೆಂದು ಪ್ರಾಚೀನರು ಹೇಳುತ್ತಾರೆ. ಮೊನ್ನೆ ಇದನ್ನು ಹೇಳುತ್ತಿರುವಾಗ ಈ ಊರಿನಲ್ಲೇ ಹುಟ್ಟಿದ ನನ್ನ ಮಗ, "ಅಪ್ಪಾ, ಕವಣೆ ಅಂದರೇನು?" ಎಂದು ಕೇಳಿದ. ಹಳೆಯ ಲಾಡಿಯಿಂದ ಒಂದನ್ನು ಹೆಣೆದುಕೊಟ್ಟೆ. ಬೀಸಲು ಇಲ್ಲಿ ಬಯಲಿಲ್ಲ. ಜೋಳ ತೆನೆಗಟ್ಟುವ ಹೊತ್ತಿಗೆ ಅವನನ್ನು ಊರಿಗೆ ಕರೆದೊಯ್ಯಬೇಕೆಂದಿದ್ದೇನೆ. ಮೊದಲು ಹೆಂಟೆಯನ್ನೇ ಕೊಡುವೆನು.