ಧೂಳು ಹೇಳಿದ ಕಥೆ

ಹೋದ ಮೇ ತಿಂಗಳಲ್ಲಿ ಗೆಳೆಯರ ಜೊತೆ ಊರಾಚೆಯ ಬೆಟ್ಟಕ್ಕೆ ಹೋಗಿದ್ದೆ. ಬೈನಾಕ್ಯುಲರ್‌ನಲ್ಲಿ ದಕ್ಷಿಣದ ಕಡೆ ಒಂದು ಮಬ್ಬು ಚುಕ್ಕೆ ಹುಡುಕಿ ತೋರಿಸಿದರೆ, "ಇಷ್ಟೇನಾ?" ಅಂದ ಒಬ್ಬ. ಇಷ್ಟೇ ಅಲ್ಲ ಮಾರಾಯ ಅಂತ ಶುರು ಮಾಡಿದ ಕಥೆ ಇದು.

ಅದು ಸೆಂಟಾರಸ್ ಎ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ. 1826ರಲ್ಲಿ ಜೇಮ್ಸ್ ಡನ್ಲಪ್ ಆಸ್ಟ್ರೇಲಿಯಾದಿಂದ ಇದನ್ನು ಗುರುತಿಸಿದ. ಮುಂದಿನ ದಶಕದಲ್ಲಿ ದಕ್ಷಿಣ ಆಫ್ರಿಕಾದಿಂದ ನೋಡಿದ ಜಾನ್ ಹರ್ಷಲ್‌ಗೆ ನಡುವೆ ಒಂದು ಕಪ್ಪು ಪಟ್ಟಿ ಕಂಡಿತು. ಅದು ಧೂಳು. ಹಿಂದಿರುವ ಬೆಳಕನ್ನೆಲ್ಲ ಮರೆಮಾಡುವ ಧೂಳು.

1949ರಲ್ಲಿ ಬೋಲ್ಟನ್, ಸ್ಟ್ಯಾನ್ಲಿ, ಸ್ಲೀ ಎಂಬ ಮೂವರು, ಆಕಾಶದ ಒಂದು ಪ್ರಬಲ ರೇಡಿಯೋ ಮೂಲ ಇದೇ ಜಾಗದಲ್ಲಿದೆ ಅಂತ ಬರೆದರು. ತಮಾಷೆ ನೋಡಿ, ಅದು ನಮ್ಮ ಕ್ಷೀರಪಥದ ಆಚೆಯದು ಅಂತ ಹೇಳೋಕೆ ಅವರೇ ಹಿಂಜರಿದರು! 1954ರಲ್ಲಿ ಬಾಡೆ ಮತ್ತು ಮಿಂಕೋವ್‌ಸ್ಕಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಇಲ್ಲಿರುವುದು ಒಂದಲ್ಲ, ಎರಡು ಗೆಲಾಕ್ಸಿ. ಒಂದು ಉರುಟು, ಒಂದು ಸುರುಳಿ, ಒಂದರೊಳಗೊಂದು ಸಿಕ್ಕಿಕೊಂಡಿವೆ. ಆದರೆ ಒಳಗೆ ಇಣುಕಿ ನೋಡೋದು ಹೇಗೆ? ಅಡ್ಡ ಧೂಳು ಇದೆಯಲ್ಲ...

ಇಲ್ಲೇ ಅವಕೆಂಪು ಕಿರಣ ಬರೋದು. ಬೆಳಕನ್ನು ತಡೆಯುವ ಧೂಳು ತಾನೇ ಬೆಚ್ಚಗಾಗಿ ಅವಕೆಂಪಿನಲ್ಲಿ ಹೊಳೆಯುತ್ತದೆ. ನಮ್ಮ ಗಾಳಿ ಆ ಕಿರಣಗಳಲ್ಲಿ ಬಹುಪಾಲನ್ನು ನುಂಗಿಬಿಡುತ್ತದೆ, ಹಾಗಾಗಿ ದೂರದರ್ಶಕ ಮೇಲೇ ಹೋಗಬೇಕು. ಯುರೋಪಿನ ಐಎಸ್‌ಓ ಕೊಟ್ಟ ಚಿತ್ರ ನೋಡಿ 1999ರಲ್ಲಿ ಕೆಲವರು, ಒಳಗೊಂದು ಪಟ್ಟಿಯುಳ್ಳ ಸುರುಳಿ ಇದೆ ಎಂದರು. 2003ರಲ್ಲಿ ನಾಸಾ ಹಾರಿಸಿದ ಸ್ಪಿಟ್ಜರ್‌ನ ಕನ್ನಡಿ ಬರೀ 85 ಸೆಂ.ಮೀ. ಸ್ವಂತ ಶಾಖವೇ ಕಣ್ಣಿಗೆ ಅಡ್ಡ ಬರದಂತೆ ಅದನ್ನು ದ್ರವ ಹೀಲಿಯಂನಿಂದ ತಣ್ಣಗಿಟ್ಟಿದ್ದರು. 2004ರಲ್ಲಿ ಅದರ ಚಿತ್ರ ಬಂದಾಗ, ಹೈಸ್ಕೂಲ್ ರೇಖಾಗಣಿತದ ಸಮಾಂತರ ಚತುರ್ಭುಜ ಅಲ್ಲಿ ಕೂತಿತ್ತು!

ಗೆಲಾಕ್ಸಿಯೊಳಗೆ ಚತುರ್ಭುಜ ಎಲ್ಲಿಂದ ಬಂತು? ಆಲಿಸ್ ಕ್ವಿಲೆನ್ ಮತ್ತು ಸಂಗಡಿಗರು 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಅದು ಸೊಟ್ಟಗಾದ ಧೂಳಿನ ತಟ್ಟೆ. ಅದನ್ನು ಅಂಚಿನಿಂದ ನೋಡುತ್ತಿದ್ದೇವೆ, ಮಡಿಕೆಗಳು ಒಂದರ ಮೇಲೊಂದು ಬಿದ್ದ ಕಡೆ ಹೆಚ್ಚು ಹೊಳೆಯುತ್ತದೆ, ಅಷ್ಟೇ. ದೊಡ್ಡ ಗೆಲಾಕ್ಸಿ ಎಂದೋ ನುಂಗಿದ ಚಿಕ್ಕದೊಂದರ ಅವಶೇಷ ಅದು, ಇನ್ನೂ ಪೂರ್ತಿ ಅರಗಿಲ್ಲ.

ನನಗೆ ಹಿಡಿಸಿದ್ದು ಇದು: ಇಷ್ಟು ವರ್ಷ ಅಡ್ಡಿ ಅಂದುಕೊಂಡಿದ್ದ ಧೂಳೇ ಕೊನೆಗೆ ಸಾಕ್ಷಿ ಹೇಳಿತು. ಸ್ಪಿಟ್ಜರ್ ಕೂಡ 2020ರ ಜನವರಿ 30ಕ್ಕೆ ಕಣ್ಣು ಮುಚ್ಚಿತು.

ಕಥೆ ಮುಗಿದ ಮೇಲೆ ಗೆಳೆಯ ಬೈನಾಕ್ಯುಲರ್ ಕೇಳಿ ಇಸಕೊಂಡ. ಅದೇ ಮಬ್ಬು ಚುಕ್ಕೆ. ಈ ಸಲ ಯಾಕೋ ಬೇಗ ವಾಪಸ್ ಕೊಡಲಿಲ್ಲ.